ಸಿಗಡಿಯ ಕಣ್ಣೂ ಸಂತಾನವೂ

ಉಬ್ಬರದೊಡನೆ ಒಳಬಂದ ಸಿಗಡಿಮರಿಗಳನ್ನು ಕಟ್ಟೆಹಾಕಿ ಬೆಳೆಸುವ ಕಸುಬು ಜಾವಾದಲ್ಲಿಯೂ ಕೇರಳದಲ್ಲಿಯೂ ಹಿಂದಿನಿಂದ ನಡೆದುಬಂದುದು. ಆದರೆ ಅವುಗಳ ಸಂತಾನೋತ್ಪತ್ತಿ ಮನುಷ್ಯನ ಕೈಗೆ ಬಂದುದು ಈಚೆಗೆ. ಜಪಾನಿನ ಮೋಟೊಸಾಕು ಹುಡಿನಾಗನು ಕುರುಮಾ ಸಿಗಡಿಯ ಬೆಳವಣಿಗೆಯನ್ನು ಮೊಟ್ಟೆಯಿಂದ ಮೊದಲ್ಗೊಂಡು ವಿವರಿಸುವ ಪ್ರಬಂಧವನ್ನು 1942ರಲ್ಲಿ ಪ್ರಕಟಿಸಿದನು. ಆದರೂ ಆ ವಿಧಾನಕ್ಕೆ ಕಡಲಿನಲ್ಲಿಯೇ ಪಕ್ವವಾದ ತಾಯಿಸಿಗಡಿ ಬೇಕಾಗಿದ್ದಿತು. ಸೆರೆಯಲ್ಲಿ ಬೆಳೆದ ಹೆಣ್ಣು ಅನೇಕ ಜಾತಿಗಳಲ್ಲಿ ಪಕ್ವವಾಗದಿರಲು ಕಾರಣವೇನೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಉತ್ತರದ ಮೊದಲ ಎಳೆ ದೊರೆತುದು ಫ್ರಾನ್ಸಿನಲ್ಲಿ. 1943ರಲ್ಲಿ ಪನೂಸನೆಂಬ ವಿದ್ವಾಂಸನು ಲಿಯಾಂಡರ್ ಸೆರ್ರಾಟಸ್ ಎಂಬ ಸಿಗಡಿಯ ಕಣ್ಣುಗಳನ್ನು ತೊಟ್ಟುಸಹಿತ ತೆಗೆದು ನೋಡಲು, ಋತುವಲ್ಲದ ಕಾಲದಲ್ಲಿಯೂ ಅಂಡಾಶಯವು ಶೀಘ್ರವಾಗಿ ಬೆಳೆಯಿತು. ಕಣ್ಣಿನ ತೊಟ್ಟಿನೊಳಗೆ ಎಕ್ಸ್-ಅಂಗವೆಂಬ ನರಕೋಶಗಳ ಗುಂಪೊಂದುಂಟು. ಅಲ್ಲಿ ಹುಟ್ಟಿ, ಸೈನಸ್ ಗ್ರಂಥಿಯಲ್ಲಿ ಸಂಚಿತವಾಗಿ, ರಕ್ತವನ್ನು ಸೇರುವ ಹಾರ್ಮೋನೊಂದು ಅಂಡಾಶಯದ ಬೆಳವಣಿಗೆಯನ್ನು ತಡೆಹಿಡಿಯುತ್ತದೆ. ಆದುದರಿಂದ ಪನೂಸನು ಮಾಡಿದುದು ತಡೆಯ ನಿವಾರಣೆಯೇ ಹೊರತು ಹೊಸ ಪ್ರೇರಣೆಯ ದಾನವಲ್ಲ.

1970ರ ದಶಕದಲ್ಲಿ ಈ ತತ್ತ್ವವು ಸಾಕಣೆಗೆ ಇಳಿಯಿತು. ಎರಡು ಕಣ್ಣುಗಳನ್ನೂ ತೆಗೆದರೆ ಸಾವು ಹೆಚ್ಚು. ಒಂದನ್ನು ತೆಗೆದರೆ ತಾಯಿ ಬದುಕಿ ಮೊಟ್ಟೆಯಿಡುವುದೆಂದು ಅನುಭವವು ಕಲಿಸಿತು. ಫಿಲಿಪೈನ್ಸಿನಲ್ಲಿ ಟೈಗರ್ ಸಿಗಡಿಗೂ, ಕೇರಳದ ನಾರಕ್ಕಲಿನಲ್ಲಿ ಬಿಳಿ ಸಿಗಡಿಗೂ ಈ ಕ್ರಮವನ್ನು ಅನ್ವಯಿಸಲಾಯಿತು. ಮುಂದೆ ಮರಿ ಉತ್ಪಾದನೆಯ ಕೇಂದ್ರಗಳಲ್ಲಿ ಇದೇ ರೂಢಿಯಾಯಿತು.

ಆದರೆ ಕಣ್ಣಿನ ತೊಟ್ಟು ಒಂದೇ ಹಾರ್ಮೋನಿನ ನೆಲೆಯಲ್ಲ. ಪೊರೆ ಕಳಚುವಿಕೆಯನ್ನು ತಡೆಯುವುದೂ ರಕ್ತದ ಸಕ್ಕರೆಯನ್ನು ನಿಯಂತ್ರಿಸುವುದೂ ಅಲ್ಲಿಯೇ ಇವೆ. ಕತ್ತರಿಯು ಇವುಗಳನ್ನು ಬೇರ್ಪಡಿಸಲಾರದು. ಆದುದರಿಂದ ತಾಯಿಯ ದೇಹಸ್ಥಿತಿಯೆಲ್ಲವೂ ಏರುಪೇರಾಗುತ್ತದೆ. ಮೇಲಿಂದ ಮೇಲೆ ಇಟ್ಟ ಮೊಟ್ಟೆಗಳ ಗುಣವೂ ಕುಂದುವುದುಂಟು.

ಈ ದೋಷದ ಪರಿಹಾರಕ್ಕೆ ಎರಡು ಮಾರ್ಗಗಳು ಕಾಣಿಸಿಕೊಂಡಿವೆ. ಮೊದಲನೆಯದು ಜೀನಿನ ಮಾರ್ಗ. ಅಂಡಾಶಯವನ್ನು ತಡೆಯುವ ಹಾರ್ಮೋನಿನ ಜೀನನ್ನು ಮಾತ್ರ ಇಮ್ಮಡಿ ಎಳೆಯ ಆರ್‌ಎನ್‌ಎಯಿಂದ ಮೌನಗೊಳಿಸಿ, ಟೈಗರ್ ಸಿಗಡಿಯು ಕಣ್ಣಿದ್ದಂತೆಯೇ ಮೊಟ್ಟೆಯಿಡುವಂತೆ ಮಾಡಿದುದನ್ನು ಥಾಯ್ಲೆಂಡಿನ ಸಂಶೋಧಕರು 2011ರಲ್ಲಿ ವರದಿಮಾಡಿದರು. ಎರಡನೆಯದು ವಂಶದ ಮಾರ್ಗ. ತಲೆತಲಾಂತರವಾಗಿ ಸೆರೆಯಲ್ಲಿಯೇ ಬೆಳೆದ ವನ್ನಾಮೆ ಸಿಗಡಿ ಕಣ್ಣು ಕಳೆದುಕೊಳ್ಳದೆಯೇ ಸಂತಾನವನ್ನೀಯಬಲ್ಲದು. ಅಂತಹ ತಾಯಂದಿರ ಮರಿಗಳು ರೋಗವನ್ನು ಹೆಚ್ಚಾಗಿ ತಾಳಿಕೊಂಡುವೆಂದು 2021ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು.

ಕಣ್ಣನ್ನು ತೆಗೆಯುವ ಕ್ರಮವು ಒಂದು ಉದ್ಯಮವನ್ನೇ ನಿಲ್ಲಿಸಿಕೊಟ್ಟಿತೆಂಬುದು ನಿಜ. ಆದರೆ ತಡೆಯಿರುವ ಸ್ಥಳವನ್ನು ಅರಿತುದು ಒಂದು ಹೆಜ್ಜೆ. ತಡೆಯ ಸ್ವರೂಪವನ್ನು ಅರಿಯುವುದು ಮತ್ತೊಂದು. ಈ ಎರಡನೆಯ ಹೆಜ್ಜೆ ತಡವಾದಷ್ಟು ಕಾಲವೂ ಅದರ ಬೆಲೆಯನ್ನು ತೆತ್ತುದು ಸಿಗಡಿಯ ಕಣ್ಣು.