ಭೋಗ್ಯದ ಪತ್ರದಿಂದ ಇಎಂಐ ತನಕ

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಓಡಾಡಿದವರೆಲ್ಲ "ಮನೆ ಭೋಗ್ಯಕ್ಕಿದೆ" ಅನ್ನುವ ಬೋರ್ಡು ನೋಡಿಯೇ ಇರ್ತೀರಿ. ಮಾಲೀಕನಿಗೆ ಒಂದಿಷ್ಟು ಲಕ್ಷ ಕೊಟ್ಟುಬಿಟ್ಟರೆ ಎರಡೋ ಮೂರೋ ವರ್ಷ ಬಾಡಿಗೆ ಇಲ್ಲದೆ ಇರಬಹುದು. ಬಿಟ್ಟು ಹೋಗುವಾಗ ಕೊಟ್ಟಷ್ಟೂ ದುಡ್ಡು ವಾಪಸ್. ಬಾಡಿಗೆಗೂ ಬಡ್ಡಿಗೂ ಸರಿಹೋಯ್ತು ಅಂತ ಲೆಕ್ಕ. ಈ ಪದ ಎಷ್ಟು ಹಳೆಯದು ಅಂತ ಹುಡುಕಹೊರಟರೆ ಅದು ನಮ್ಮನ್ನು ಸೀದಾ ಕಲ್ಯಾಣಕ್ಕೆ, ಅಂದರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಕರ್ಕೊಂಡು ಹೋಗುತ್ತೆ.

ಚಾಲುಕ್ಯರ ಆರನೇ ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ. ಅವನ ಕಾಲದಲ್ಲಿ ಅಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ 'ಮಿತಾಕ್ಷರ'. ಆಸ್ತಿ ಪಾಲು ಅಂದ ಕೂಡಲೆ ವಕೀಲರ ಬಾಯಲ್ಲಿ ಈ ಹೆಸರು ಬರುತ್ತೆ. ಅದರಲ್ಲಿ ಸಾಲದ ಬಗ್ಗೆಯೂ ಒಂದು ದೊಡ್ಡ ಭಾಗ ಇದೆ ಅನ್ನೋದು ಅಷ್ಟಾಗಿ ಯಾರಿಗೂ ನೆನಪಿರಲ್ಲ. ಸಾಲಕ್ಕೆ ಇಟ್ಟ ಒತ್ತೆಯನ್ನು 'ಆಧಿ' ಅಂತ ಕರೀತಾರೆ. ಅದರಲ್ಲಿ ಎರಡು ಬಗೆ. ಸಾಲ ಕೊಟ್ಟವನು ಮುಟ್ಟದೆ ಜೋಪಾನವಾಗಿ ಇಟ್ಟುಕೊಳ್ಳಬೇಕಾದದ್ದು ಗೋಪ್ಯ. ಹೊಲ, ತೋಟಗಳ ಹಾಗೆ ಅನುಭವಿಸಬಹುದಾದದ್ದು ಭೋಗ್ಯ. ಗೋಪ್ಯವಾಗಿ ಇಟ್ಟದ್ದನ್ನು ಬಳಸಿದರೆ ಬಡ್ಡಿ ಕೇಳುವ ಹಾಗಿಲ್ಲ. ಸಾಲ ದುಪ್ಪಟ್ಟಾದರೂ ಬಿಡಿಸಿಕೊಳ್ಳದಿದ್ದರೆ ಗೋಪ್ಯದ ಒತ್ತೆ ಕೈತಪ್ಪುತ್ತೆ. ಆದರೆ ಫಲ ಉಣ್ಣುತ್ತಿರುವ ಭೋಗ್ಯದ ಆಸ್ತಿ ಮಾತ್ರ ಎಷ್ಟು ಕಾಲವಾದರೂ ಮೂಲ ಯಜಮಾನನ ಕೈತಪ್ಪುವುದಿಲ್ಲ.

ಒತ್ತೆ ಇಟ್ಟ ಸಾಲಕ್ಕೆ ಬಡ್ಡಿ ತಿಂಗಳಿಗೆ ಅಸಲಿನ 80ರಲ್ಲಿ ಒಂದು ಭಾಗ. ಲೆಕ್ಕ ಹಾಕಿ ನೋಡಿ, ತಿಂಗಳಿಗೆ ಶೇ 1.25, ವರ್ಷಕ್ಕೆ ಶೇ 15! ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ನ್ಯಾಯವಾದ ದರ ಅಂತ ಹೇಳಿರೋದು ಇದನ್ನೇ. 1990ರ ದಶಕದಲ್ಲಿ ಮನೆಸಾಲ ತಗೊಂಡವರಿಗೆ ಈ ಅಂಕಿ ಪರಿಚಿತ ಅನ್ನಿಸಬಹುದು, ಆಗಿನ ದರವೂ ಹೆಚ್ಚೂಕಮ್ಮಿ ಇಷ್ಟೇ ಇತ್ತು :-)

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಟ್ಟಳೆ ಇತ್ತು. ಒಂದೇ ಸಲಕ್ಕೆ ವಸೂಲಿ ಮಾಡುವಾಗ ಬಾಕಿ ಬಡ್ಡಿ ಅಸಲನ್ನು ಮೀರುವಂತಿಲ್ಲ. ಅಂದರೆ ನೂರು ಕೊಟ್ಟವನು ಹೆಚ್ಚೆಂದರೆ ಇನ್ನೂರು ಕೇಳಬಹುದು. ಚಿನ್ನಕ್ಕೆ ಎರಡು ಪಟ್ಟು, ಧಾನ್ಯಕ್ಕೆ ಮೂರು, ಬಟ್ಟೆಗೆ ನಾಲ್ಕು ಅಂತ ಬೇರೆ ಬೇರೆ ಮಿತಿಗಳೂ ಇದ್ದವು. ಇದಕ್ಕೆ ಆಮೇಲೆ 'ದಾಮ್‌ದುಪ್ಪಟ್' ಅಂತ ಹೆಸರು ಬಂತು. ಹಳೆಯದೆಲ್ಲ ಚಿನ್ನ ಅಂತ ನಾನೇನೂ ಹೇಳ್ತಿಲ್ಲ. ಒತ್ತೆ ಇಡದ ಸಾಲಕ್ಕೆ ಜಾತಿ ನೋಡಿ ಬಡ್ಡಿ ಹಾಕುವುದನ್ನೂ ಇದೇ ಶಾಸ್ತ್ರ ಹೇಳುತ್ತೆ. ಬ್ರಾಹ್ಮಣನಿಗೆ ನೂರಕ್ಕೆ ಎರಡಾದರೆ ಶೂದ್ರನಿಗೆ ಐದು. ಬಡವನೇ ಹೆಚ್ಚು ಬಡ್ಡಿ ಕಟ್ಟೋದು ಆಗಲೇ ಶುರುವಾಗಿತ್ತು ಅನ್ನಿ.

ಬ್ರಿಟಿಷರು 1855ರಲ್ಲಿ ಕಾನೂನು ತಂದು ಬಡ್ಡಿಯ ಮೇಲಿದ್ದ ಮಿತಿಗಳನ್ನು ತೆಗೆದುಹಾಕಿದರು. ಆದರೂ ದಾಮ್‌ದುಪ್ಪಟ್ ಸಾಯಲಿಲ್ಲ. ಮುಂಬಯಿ ಪ್ರಾಂತ್ಯದಲ್ಲಿ ನ್ಯಾಯಾಲಯಗಳು ಹಿಂದೂ ಸಾಲಗಾರರಿಗೆ ಅದನ್ನು ಅನ್ವಯಿಸುತ್ತಲೇ ಬಂದವು. ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲ ಆಗ ಅದೇ ಪ್ರಾಂತ್ಯದಲ್ಲಿದ್ದವು. 1882ರ ಸ್ವತ್ತು ವರ್ಗಾವಣೆ ಕಾಯಿದೆ ಬಂದಾಗ ಅದರ 58ನೇ ಸೆಕ್ಷನ್ನಿನಲ್ಲಿ ಅಡಮಾನದ ಬಗೆಗಳನ್ನು ಪಟ್ಟಿ ಮಾಡಿದರು. ನಮ್ಮ ಭೋಗ್ಯಕ್ಕೂ ಅದರಲ್ಲಿ ಜಾಗ ಸಿಕ್ಕಿತು. ಮನೆಯ ಮೂಲ ಪತ್ರಗಳನ್ನು ಕೊಟ್ಟು ಸಾಲ ಪಡೆಯುವುದೂ ಒಂದು ಬಗೆ. ಇವತ್ತು ನಾವು ಬ್ಯಾಂಕಿಗೆ ಕ್ರಯಪತ್ರ ಒಪ್ಪಿಸಿ ಬರ್ತೀವಲ್ಲ, ಅದು ಇದೇ. ಸಾಲ ತೀರಿಸಿದವನಿಗೆ ಆಸ್ತಿ ಬಿಡಿಸಿಕೊಳ್ಳುವ ಹಕ್ಕು 60ನೇ ಸೆಕ್ಷನ್ನಿನಲ್ಲಿದೆ.

ನಮ್ಮ ತಾತ ತುಮಕೂರು ಕಡೆಯವರು. ಅತ್ತೆಯ ಮದುವೆಗೆ ಅಂತ ತೆಂಗಿನ ತೋಟವನ್ನು 1,200 ರೂಪಾಯಿಗೆ ಭೋಗ್ಯ ಹಾಕಿದ್ದರಂತೆ. ಒಂಬತ್ತು ವರ್ಷ ಕಾಯಿ ಕೆಡವಿಕೊಂಡದ್ದು ಸಾಲ ಕೊಟ್ಟವರು. ಅಷ್ಟು ವರ್ಷ ಕಳೆದರೂ ಬಾಕಿ ಅದೇ 1,200. ಒಂದು ರೂಪಾಯಿ ಏರಲಿಲ್ಲ, ಒಂದು ರೂಪಾಯಿ ಇಳಿಯಲೂ ಇಲ್ಲ. ಕೊನೆಗೆ ಅಜ್ಜಿ ತಮ್ಮ ಎರಡೆಳೆ ಸರ ಮಾರಿ ತೋಟ ಬಿಡಿಸಿದರು. "ನಮ್ಮ ಮರದ ಕಾಯಿನ ನಾವೇ ಸಂತೇಲಿ ಕೊಂಡ್ಕೊಂಡು ತಂದಿದೀವಪ್ಪ" ಅಂತ ಅವರು ಹೇಳ್ತಿದ್ದದ್ದು ನನಗಿನ್ನೂ ನೆನಪಿದೆ. ಭೋಗ್ಯ ಕ್ರೂರವೇ, ಆದರೆ ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಎಷ್ಟು ಕಳ್ಕೊಳ್ತಿದ್ದೀವಿ ಅನ್ನೋದು ದಿನಾ ಕಣ್ಣಿಗೆ ಕಾಣ್ತಿತ್ತು.

ಲೇವಾದೇವಿಯವರ ಹಿಡಿತದಿಂದ ತಪ್ಪಿಸಿಕೊಳ್ಳೋಕೆ ನಮ್ಮ ನಾಡು ಕಂಡುಕೊಂಡ ದಾರಿ ಸಹಕಾರ ಸಂಘ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಶುರು ಮಾಡಿದ ಸಂಘ ಎಲ್ಲರಿಗೂ ಗೊತ್ತು. ಮನೆ ಕಟ್ಟುವುದಕ್ಕೇ ಅಂತ ಬೆಂಗಳೂರಿನಲ್ಲಿ 1909ರಲ್ಲಿ ಒಂದು ಸಹಕಾರ ಸಂಘ ಹುಟ್ಟಿತು. ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ಬೆಳೆಯುತ್ತಿದ್ದ ಕಾಲ ಅದು. ಆದರೂ ಬಹುಪಾಲು ಜನರಿಗೆ ಸ್ವಂತ ಮನೆ ಅಂದರೆ ನಿವೃತ್ತಿಯಾದ ಮೇಲಿನ ಮಾತೇ ಆಗಿತ್ತು. ಪಿಎಫ್, ಗ್ರಾಚ್ಯುಯಿಟಿ ಎಲ್ಲ ಸುರಿದು ಮನೆ ಕಟ್ಟಿಸಿ, ಅದರಲ್ಲಿ ಹತ್ತು ವರ್ಷ ಬದುಕಿದರೆ ಪುಣ್ಯ.

ನಮ್ಮಪ್ಪ ಅಂಚೆ ಇಲಾಖೆಯಲ್ಲಿದ್ದರು. ಅವರಿಗೆ ಸಿಕ್ಕಿದ್ದು ಕೇಂದ್ರ ಸರ್ಕಾರಿ ನೌಕರರ ಗೃಹ ನಿರ್ಮಾಣ ಮುಂಗಡ. ಇದರ ಲೆಕ್ಕ ಇವತ್ತಿನವರಿಗೆ ವಿಚಿತ್ರ ಅನ್ನಿಸುತ್ತೆ. ಮೊದಲು ಅಸಲು ಹಿಡೀತಾರೆ, ಹೆಚ್ಚೆಂದರೆ 180 ಕಂತು. ಅಸಲು ಪೂರ್ತಿ ತೀರಿದ ಮೇಲೆ ಬಡ್ಡಿ, ಹೆಚ್ಚೆಂದರೆ 60 ಕಂತು. ಅದೂ ಸರಳ ಬಡ್ಡಿ. ಅಂದರೆ ಮೊದಲ ತಿಂಗಳಿನಿಂದಲೇ ಕಟ್ಟಿದ್ದೆಲ್ಲ ಅಸಲಿಗೇ ಹೋಗುತ್ತೆ! ಅಪ್ಪನ ಜೇಬಿನ ಡೈರಿಯಲ್ಲಿ ಪ್ರತಿ ತಿಂಗಳ ಮೊದಲ ಪುಟದಲ್ಲಿ "180ರಲ್ಲಿ 37", "180ರಲ್ಲಿ 38" ಅಂತ ಬರೆದಿರೋದು. ಕಂತು ಎಷ್ಟು ರೂಪಾಯಿ ಅಂತ ಎಲ್ಲೂ ಇಲ್ಲ, ಎಷ್ಟನೆಯದು ಅಂತ ಮಾತ್ರ ಇದೆ.

ಸರ್ಕಾರಿ ಕೆಲಸ ಇಲ್ಲದವರಿಗೂ ದುಡಿಯುವ ವಯಸ್ಸಿನಲ್ಲೇ ಮನೆ ಸಿಗಬೇಕು ಅಂತ 1977ರಲ್ಲಿ ಎಚ್.ಟಿ. ಪಾರೇಖ್ ಅವರು ಎಚ್‌ಡಿಎಫ್‌ಸಿ ಶುರು ಮಾಡಿದರು. ಐಸಿಐಸಿಐ ಸಂಸ್ಥೆಯ ಅಧ್ಯಕ್ಷಗಿರಿಯಿಂದ ನಿವೃತ್ತರಾದ ಮೇಲೆ ಅವರು ಕೈ ಹಾಕಿದ ಕೆಲಸ ಇದು. ಅದರ ಮೊದಲ ಸಾಲ ಹೋದದ್ದು 1978ರಲ್ಲಿ, ಮುಂಬಯಿಯ ಮಲಾಡಿನ ಒಂದು ಮನೆಗೆ. ಮೊತ್ತ 30,000 ರೂಪಾಯಿ. 1987ರಲ್ಲಿ ಕೆನರಾ ಬ್ಯಾಂಕು ಬೆಂಗಳೂರಿನಲ್ಲಿ ಕ್ಯಾನ್‌ಫಿನ್ ಹೋಮ್ಸ್ ಹುಟ್ಟುಹಾಕಿತು. 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು ಬಂತು. 2000ದ ನಂತರ ಬಡ್ಡಿ ಇಳಿಯಿತು, ತೆರಿಗೆ ವಿನಾಯಿತಿ ಏರಿತು, ಸಾಲ ಕೊಡೋಕೆ ಬ್ಯಾಂಕಿನವರೇ ಆಫೀಸಿನ ಬಾಗಿಲಿಗೆ ಬಂದು ನಿಂತರು. ಈ ವ್ಯವಸ್ಥೆ ಇಲ್ಲದಿದ್ದರೆ ನನ್ನಂಥವನು 33ನೇ ವಯಸ್ಸಿಗೆ ಮನೆ ಮಾಡೋಕೆ ಸಾಧ್ಯವೇ ಇರಲಿಲ್ಲ, ಅದನ್ನು ಮೊದಲು ಒಪ್ಪಿಕೊಳ್ಳಬೇಕು.

ಆದರೆ ಇದರ ಜೊತೆಗೇ ಇನ್ನೊಂದು ಹೊಸ ವಸ್ತು ಬಂತು: ಬದಲಾಗುವ ಬಡ್ಡಿ. ನಮ್ಮನೆಯ ಲೆಕ್ಕವನ್ನೇ ಹೇಳ್ತೀನಿ. 2005ರಲ್ಲಿ 15 ಲಕ್ಷ ಸಾಲ, ಶೇ 7.5, 240 ಕಂತು. ತಿಂಗಳಿಗೆ 12,084 ರೂಪಾಯಿ. ಎರಡು ವರ್ಷದಲ್ಲಿ ಕಟ್ಟಿದ್ದು 2 ಲಕ್ಷ 90 ಸಾವಿರ. ಅಸಲಿನಲ್ಲಿ ಇಳಿದದ್ದು ಕೇವಲ 70 ಸಾವಿರ. ಅಷ್ಟರಲ್ಲಿ ದರ ಶೇ 9.5 ಆಯಿತು. ಒಂದು ಕಾಗದ ಬಂತು, "ನಿಮ್ಮ ಕಂತಿನಲ್ಲಿ ಬದಲಾವಣೆ ಇಲ್ಲ" ಅಂತ. ಓದಿದರೆ ಖುಷಿಯಾಗೋ ವಾಕ್ಯ! ಕೆಳಗೆ ಸಣ್ಣ ಅಕ್ಷರದಲ್ಲಿ ಉಳಿದ ಕಂತುಗಳು 216ರ ಬದಲು 350.

ನನ್ನಾಕೆ ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದಳು. "ರೀ, ಇದು ಮುಗಿಯೋ ಹೊತ್ತಿಗೆ ನಿಮಗೆ 64. ಪೆನ್ಶನ್ನಲ್ಲಿ ಕಟ್ತೀರಾ?" ಅಂದಳು. ಅವಳು ಹೇಳಿದ್ದು ಸರಿ. ದರ ಹಾಗೇ ಉಳಿದಿದ್ದರೆ ಒಟ್ಟು ಕಟ್ಟಬೇಕಾದದ್ದು 45 ಲಕ್ಷ ದಾಟುತ್ತಿತ್ತು, ಅಸಲಿನ ಮೂರು ಪಟ್ಟು. ಅವಧಿಯನ್ನು ಹಳೆಯ 216ಕ್ಕೇ ಉಳಿಸಿಕೊಳ್ಳೋಕೆ ತಿಂಗಳಿಗೆ ಹೆಚ್ಚು ಬೇಕಾಗಿದ್ದು 1,758 ರೂಪಾಯಿ. ಆ 1,758 ರೂಪಾಯಿ ಕಟ್ಟಿದರೆ ಒಟ್ಟಿನಲ್ಲಿ ಉಳಿಯೋದು 12 ಲಕ್ಷದ ಮೇಲೆ. ಮಗಳ ಸ್ಕೂಲ್ ಫೀಸು, ಅಮ್ಮನ ಮಾತ್ರೆ, ಚೀಟಿ ದುಡ್ಡು ಎಲ್ಲದರ ಮಧ್ಯೆ 1,758 ಹುಡುಕೋದು ಸುಲಭ ಇರಲಿಲ್ಲ. ಒಂದು ಚೀಟಿ ನಿಲ್ಲಿಸಿದ್ವಿ, ಕಾರಿನ ಮಾತು ಮುಂದಕ್ಕೆ ಹೋಯ್ತು. ಅರ್ಜಿ ಕೊಟ್ಟು ಕಂತು ಏರಿಸಿಕೊಂಡ್ವಿ. ಬೋನಸ್ ಬಂದಾಗೆಲ್ಲ ಅರ್ಧ ಅಸಲಿಗೆ ಹಾಕಿ, 2017ರಲ್ಲಿ ಸಾಲ ಮುಗಿಸಿದ್ವಿ.

ವಿಜ್ಞಾನೇಶ್ವರನ ಕಾಲದ ಮಿತಿ ನಮ್ಮನ್ನು ಕಾಪಾಡುತ್ತಿತ್ತಾ? ಇಲ್ಲ. ದುಪ್ಪಟ್ಟಿನ ಮಿತಿ ಇದ್ದದ್ದು ಒಂದೇ ಸಲಕ್ಕೆ ವಸೂಲಿ ಮಾಡುವ ಬಡ್ಡಿಗೆ. ಆಗಾಗ ಕಟ್ಟುತ್ತಾ ಬಂದ ಬಡ್ಡಿ ಆ ಲೆಕ್ಕದ ಹೊರಗೆ. ಇಎಂಐ ಅಂದರೆ ತಿಂಗಳು ತಿಂಗಳೂ ಕಟ್ಟೋದೇ ಅಲ್ಲವೇ? ಹಾಗಾಗಿ ಮೂರು ಪಟ್ಟು ಕಟ್ಟಿದರೂ ಹಳೇ ಶಾಸ್ತ್ರಕ್ಕೆ ವಿರುದ್ಧ ಆಗಲ್ಲ. ಇನ್ನು ಹೊಸ ಶಾಸ್ತ್ರ ನೋಡಿದರೆ, 1984ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಬ್ಯಾಂಕಿನ ಬಡ್ಡಿ ಅತಿಯಾಯಿತು ಅನ್ನುವ ಕಾರಣಕ್ಕೆ ನ್ಯಾಯಾಲಯ ಲೆಕ್ಕವನ್ನು ಮತ್ತೆ ತೆರೆಯುವ ಹಾಗಿಲ್ಲ.

ದರ ಏರಿದ್ದು ಬೇಗ ತಟ್ಟುತ್ತೆ, ಇಳಿದದ್ದು ನಿಧಾನಕ್ಕೆ ತಲುಪುತ್ತೆ. 2008ರ ಅಕ್ಟೋಬರಿನಲ್ಲಿ ಶೇ 9 ಇದ್ದ ರೆಪೋ ದರ 2009ರ ಏಪ್ರಿಲ್‌ಗೆ ಶೇ 4.75ಕ್ಕೆ ಬಿದ್ದಿತ್ತು. ಹೊಸ ಗಿರಾಕಿಗಳಿಗೆ ಮೊದಲ ವರ್ಷ ಶೇ 8ಕ್ಕೆ ಸಾಲ ಅಂತ ಜಾಹೀರಾತು ಬರ್ತಿತ್ತು, ಹಳಬರು ಹಳೇ ದರದಲ್ಲೇ ಕಟ್ಟುತ್ತಿದ್ದರು. ಈ ದೂರಿಗೆ ರಿಸರ್ವ್ ಬ್ಯಾಂಕು ಒಂದೊಂದೇ ಮದ್ದು ಕೊಡುತ್ತಾ ಬಂತು. 2010ರಲ್ಲಿ ಬೇಸ್ ರೇಟ್, 2016ರಲ್ಲಿ ಎಂಸಿಎಲ್‌ಆರ್, 2019ರ ಅಕ್ಟೋಬರಿನಿಂದ ಬ್ಯಾಂಕುಗಳ ಹೊಸ ಸಾಲಗಳಿಗೆ ರೆಪೋದಂಥ ಹೊರಗಿನ ಅಳತೆಗೋಲು. 2012ರಲ್ಲಿ ಬದಲಾಗುವ ಬಡ್ಡಿಯ ಮನೆಸಾಲ ಬೇಗ ತೀರಿಸಿದರೆ ದಂಡ ಹಾಕುವುದನ್ನು ಬ್ಯಾಂಕುಗಳಿಗೆ ನಿಷೇಧಿಸಿತು. ನನ್ನ ಮಟ್ಟಿಗೆ ಇವೆಲ್ಲದರಲ್ಲಿ ದೊಡ್ಡ ಉಪಕಾರ ಅಂದರೆ ಈ ಕೊನೆಯದು.

ಈಗ ನಮ್ಮ ತಂಗಿ ಮಗನ ಸರದಿ. 2021ರಲ್ಲಿ, ರೆಪೋ ಶೇ 4 ಇದ್ದಾಗ ಸಾಲ ತಗೊಂಡ. 2022ರ ಮೇಯಿಂದ 2023ರ ಫೆಬ್ರವರಿ ಒಳಗೆ ಅದು ಶೇ 6.5 ಆಯಿತು. "ಮಾವ, ಕಂತು ಹಾಗೇ ಇದೆಯಲ್ಲ, ತಲೆಬಿಸಿ ಯಾಕೆ?" ಅಂದ. ಉಳಿದ ಕಂತು ಎಷ್ಟು ಅಂತ ನೋಡೋ ಅಂದೆ. ಫೋನಿನಲ್ಲಿ ನೋಡಿ ಸುಮ್ಮನಾದ. 2025ರಲ್ಲಿ ದರ ಮತ್ತೆ ಇಳಿಯಿತು ನಿಜ. ಆದರೆ ನಡುವಿನ ತಿಂಗಳುಗಳಲ್ಲಿ ಅವನು ಕಟ್ಟಿದ್ದರಲ್ಲಿ ಬಹುಪಾಲು ಬಡ್ಡಿಗೇ ಹೋಗಿತ್ತು.

2023ರ ಆಗಸ್ಟಿನಲ್ಲಿ ಬಂದ ನಿಯಮದ ಪ್ರಕಾರ ದರ ಬದಲಾದಾಗ ಕಂತು ಏರಿಸಬೇಕೋ, ಅವಧಿ ಏರಿಸಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಏರಿಸಬೇಕೋ ಅನ್ನುವ ಆಯ್ಕೆ ಸಾಲಗಾರನಿಗೆ ಕೊಡಬೇಕು. ಮೂರು ತಿಂಗಳಿಗೊಮ್ಮೆ ಕೊಡುವ ವಿವರದಲ್ಲಿ ಇದುವರೆಗೆ ಕಟ್ಟಿದ ಅಸಲು, ಬಡ್ಡಿ, ಉಳಿದ ಕಂತುಗಳ ಸಂಖ್ಯೆ ಇರಬೇಕು. ಅದೇ ವರ್ಷ ಡಿಸೆಂಬರಿನಿಂದ ಇನ್ನೊಂದು ನಿಯಮ: ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ನಮ್ಮ ಪತ್ರ ಕೈಗೆ ಬರೋಕೆ 2017ರಲ್ಲಿ ನಾಲ್ಕು ತಿಂಗಳು ಹಿಡಿದಿತ್ತು, ಆಗ ಈ ನಿಯಮ ಇರಲಿಲ್ಲ!

ತಾತನಿಗೆ ಎಷ್ಟು ಕಾಯಿ ಹೋಗ್ತಿದೆ ಅಂತ ಕಾಣ್ತಿತ್ತು. ಅಪ್ಪನಿಗೆ ಎಷ್ಟನೇ ಕಂತು ಅಂತ ಗೊತ್ತಿತ್ತು. ನಮಗೆ ತಿಂಗಳ ಮೊದಲ ವಾರ ದುಡ್ಡು ತಾನಾಗೇ ಕಟ್ಟಾಗುತ್ತೆ, ಒಂದು ಎಸ್ಸೆಮ್ಮೆಸ್ಸು ಬರುತ್ತೆ, ಅಷ್ಟೇ. ಆ ಎಸ್ಸೆಮ್ಮೆಸ್ಸಿನಲ್ಲಿ ಕಂತು ಎಷ್ಟು ಅಂತ ಇರುತ್ತೆ, ಇನ್ನೆಷ್ಟು ವರ್ಷ ಅಂತ ಇರಲ್ಲ. ಅದನ್ನು ಕೇಳಿ ತಿಳ್ಕೊಳ್ಳೋದು ನಮ್ಮ ಕೆಲಸ. ನಿಮ್ಮದೂ ಮನೆಸಾಲ ಇದ್ದರೆ ಈ ವಾರ ಸ್ಟೇಟ್‌ಮೆಂಟ್ ತೆಗೆದು ಉಳಿದ ಕಂತುಗಳ ಸಂಖ್ಯೆ ನೋಡಿ. ಸಾಲ ತಗೊಂಡ ದಿನ ಎಷ್ಟಿತ್ತು, ಈಗ ಎಷ್ಟಿರಬೇಕಿತ್ತು ಅಂತ ಪಕ್ಕದಲ್ಲಿ ಬರ್ಕೊಳ್ಳಿ. ಮನೆಯವರಿಗೂ ಕಾಣೋ ಹಾಗೆ ಬರ್ಕೊಳ್ಳಿ, ಕ್ಯಾಲೆಂಡರಿನ ಮೇಲಾದರೂ ಸರಿ.

ಹಾಗೇ ನಿಮ್ಮ ಮನೆಯ ಟ್ರಂಕಿನಲ್ಲಿ ಹಳೇ ಭೋಗ್ಯಪತ್ರ ಏನಾದರೂ ಇದ್ದರೆ, ಯಾವ ಊರಿನದು, ಎಷ್ಟು ರೂಪಾಯಿಗೆ, ಏನನ್ನು ಬಿಟ್ಟುಕೊಟ್ಟಿದ್ದರು ಅಂತ ತಿಳಿಸಿ. ನಮ್ಮ ತಾತನ ಪತ್ರ ಗೆದ್ದಲು ತಿಂದು ಹೋಯ್ತು. ನಿಮ್ಮದಾದರೂ ಓದೋ ಹಾಗಿರಲಿ.