ಯಾವ ಗಿಡ, ಯಾರ ನೆಲ?

ಹವಾಮಾನ ಬದಲಾವಣೆ ಕುರಿತ ಉಪನ್ಯಾಸಗಳ ಕೊನೆಗೆ ನಾವು ತಪ್ಪದೆ ಕೇಳುವ ಮಾತು: ಗಿಡ ನೆಡಿ. 2009ರಲ್ಲಿ ದಾವಣಗೆರೆಗೂ ತನ್ನದೇ ವಿಶ್ವವಿದ್ಯಾಲಯ ಬಂತು. ಅದಕ್ಕೂ ಎಷ್ಟೋ ಮೊದಲು ಪಕ್ಕದ ಹರಿಹರದ ನದೀತೀರ ಈ ಮಾತಿಗೆ ಒಂದು ಪ್ರಶ್ನೆ ಜೋಡಿಸಿತ್ತು: ಯಾವ ಗಿಡ, ಯಾರ ನೆಲದಲ್ಲಿ?

ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಆರಂಭವಾಯಿತು. ಮರದಿಂದ ರೇಯಾನ್ ನೂಲಿಗೆ ಬೇಕಾದ ತಿರುಳು ತೆಗೆಯುವುದು ಅದರ ಕೆಲಸ. ಸಾವಿರಾರು ಮನೆಗಳಿಗೆ ಅನ್ನವೂ ಸಿಕ್ಕಿತು. ಆದರೆ ತ್ಯಾಜ್ಯನೀರಿನಿಂದ ತುಂಗಭದ್ರೆಯ ಮೀನು ಸಾಯುತ್ತಿವೆ ಎಂದು ನದಿಯ ಕೆಳಭಾಗದ ಹಳ್ಳಿಗರು ದೂರಿದರು.

ಕಾರ್ಖಾನೆಗೆ ಮರ ಒದಗಿಸಲು 1984ರಲ್ಲಿ ಸರ್ಕಾರಿ ಅರಣ್ಯ ನಿಗಮ ಮತ್ತು ಕಂಪನಿ ಕೂಡಿ ‘ಕರ್ನಾಟಕ ಪಲ್ಪ್‌ವುಡ್’ ಕಟ್ಟಿದವು. ಸುತ್ತಲಿನ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸರ್ಕಾರಿ ನೆಲವನ್ನು ನೀಲಗಿರಿ ಬೆಳೆಯಲು ಗೊತ್ತುಮಾಡಲಾಯಿತು. ಅದು ಬಡವರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ನೆಲ. ನೀಲಗಿರಿ ಎಲೆಯನ್ನು ದನ ಮುಟ್ಟದು.

ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಜನರನ್ನು ಸಂಘಟಿಸಿತು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ‘ಕರ್ನಾಟಕ ಪಲ್ಪ್‌ವುಡ್’ ಮುಚ್ಚಿತು.

ಕುಸನೂರಿನವರು ಹಸಿರನ್ನು ವಿರೋಧಿಸಲಿಲ್ಲ, ತಮ್ಮನ್ನು ಕೇಳದೆ ಬಂದ ಹಸಿರನ್ನು ವಿರೋಧಿಸಿದರು. ಇಂದು ಕಾರ್ಬನ್ ಲೆಕ್ಕದಲ್ಲಿ ಮರ ಎಣಿಸುವಾಗ, ಆ ನೆಲದಲ್ಲಿ ಮೊದಲು ಮೇಯುತ್ತಿದ್ದ ಆಡು ಯಾರದೆಂದು ನಾವೂ ಕೇಳಬೇಕು. ಆ ಆಡಿನ ಒಡತಿಗೂ ಉಪನ್ಯಾಸದ ವೇದಿಕೆಯಲ್ಲಿ ಒಂದು ಕುರ್ಚಿ ಇರಬೇಕು.