ಸವಾರನೂ ಕುಲುಮೆಯೂ

1884ನೆಯ ಇಸವಿ ಏಪ್ರಿಲ್ 22ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಬಿಟ್ಟು ಹೊರಟು, ಅಮೆರಿಕ, ಯೂರೋಪು, ತುರ್ಕಿ, ಪರ್ಷಿಯಾಗಳನ್ನು ಹಾದು, ನಮ್ಮ ದೇಶದಲ್ಲಿ ಗ್ರ್ಯಾಂಡ್ ಟ್ರಂಕ್ ರಸ್ತೆಯನ್ನು ಹಿಡಿದು ಕಲ್ಕತ್ತೆಯನ್ನು ಮುಟ್ಟಿ, ಚೀನದ ಮೂಲಕ 1886ರ ಡಿಸೆಂಬರಿನಲ್ಲಿ ಜಪಾನಿನ ಯೊಕೊಹಾಮಾ ಬಂದರನ್ನು ಸೇರಿದ ಥಾಮಸ್ ಸ್ಟೀವನ್ಸನು ಏರಿದ್ದುದು, ಮುಂದಿನ ಗಾಲಿ ಎದೆಯೆತ್ತರವಾಗಿಯೂ ಹಿಂದಿನ ಗಾಲಿ ಅತಿ ಪುಟ್ಟದಾಗಿಯೂ ಇದ್ದ ಹಳೆಯ ಮಾದರಿಯ ಸೈಕಲ್ಲನ್ನು. ಆತನು ಹೊರಡುವಾಗ ಜೊತೆಗೆ ಕೊಂಡದ್ದು ಕಾಲುಚೀಲಗಳು, ಒಂದು ಹೆಚ್ಚಿನ ಅಂಗಿ, ರಾತ್ರಿ ಡೇರೆಯಾಗಿಯೂ ಹಾಸಿಗೆಯಾಗಿಯೂ ಒದಗುವ ಒಂದು ಮಳೆಯಂಗಿ ಮತ್ತು ಒಂದು ರಿವಾಲ್ವರು, ಇಷ್ಟೇ. ಆ ಗಾಡಿಯ ಟೈರು ಗಟ್ಟಿ ರಬ್ಬರಿನದು. ಗಾಳಿಯೇ ಇಲ್ಲದ ಮೇಲೆ ಪಂಕ್ಚರಿನ ಭಯವೆಲ್ಲಿಯದು? ರಿಮ್ಮಿಗೆ ಹಚ್ಚಿದ ಅಂಟು ಸಡಿಲವಾದರೆ ಅದನ್ನು ಕಾಯಿಸಿ ಮತ್ತೆ ಕೂಡಿಸುವುದು, ಕಬ್ಬಿಣವು ಬಾಗಿದರೆ ಊರಿನ ಕಮ್ಮಾರನನ್ನು ಹುಡುಕುವುದು, ಇವೇ ಆ ಕಾಲದ ದಾರಿಯ ದುರಸ್ತಿಗಳು. ದೂರದ ಪಯಣವೆಂದರೆ ಮೈಯೆಲ್ಲ ನಜ್ಜುಗುಜ್ಜಾಗುವ ತಪಸ್ಸಾಗಿತ್ತೇ ಹೊರತು, ರಸ್ತೆಯ ಬದಿಯಲ್ಲಿ ಗಂಟೆಗಟ್ಟಲೆ ಕುಳಿತು ಮಾಡುವ ಕೈಗೆಲಸವಾಗಿರಲಿಲ್ಲ.

ಸವಾರನನ್ನು ಕೈಗೆಲಸದವನನ್ನಾಗಿ ಮಾಡಿದುದು ಗಾಳಿಯ ಟೈರು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯನಾದ ಡನ್‌ಲಪ್, ತನ್ನ ಮಗನ ಮೂರು ಗಾಲಿಯ ಗಾಡಿಗೋಸ್ಕರ ಅದನ್ನು ರಚಿಸಿದಾಗ, ಸುಖದೊಡನೆ ಒಂದು ಹೊಸ ಕಷ್ಟವೂ ಲೋಕಕ್ಕೆ ಬಂದಿತು. ಮೊದಲಿನ ಆ ಟೈರುಗಳನ್ನು ರಿಮ್ಮಿಗೆ ಬಟ್ಟೆಯಿಂದ ಸುತ್ತಿ ಅಂಟಿಸುತ್ತಿದ್ದುದರಿಂದ, ಒಂದು ತೂತನ್ನು ಮುಚ್ಚಬೇಕಾದರೆ ಎಲ್ಲವನ್ನೂ ಬಿಚ್ಚಿ, ಮುಚ್ಚಿ, ಅಂಟು ಒಣಗುವವರೆಗೆ ರಾತ್ರಿಯೆಲ್ಲ ಕಾಯಬೇಕಾಗಿತ್ತು. ಫ್ರಾನ್ಸಿನ ಕ್ಲೆರ್‌ಮಾಂ-ಫೆರಾನ್ ಪಟ್ಟಣದಲ್ಲಿದ್ದ ಮಿಶೆಲಿನ್ ಸೋದರರ ರಬ್ಬರು ಕಾರ್ಖಾನೆಗೆ 1889ರಲ್ಲಿ ಇಂತಹ ಒಂದು ಗಾಡಿ ರಿಪೇರಿಗೆ ಬಂದುದೇ, ಬಿಚ್ಚಿ ಹಾಕಬಹುದಾದ ಟೈರಿನ ಯೋಚನೆಗೆ ಬೀಜವಾಯಿತು. 1891ರಲ್ಲಿ ಅವರು ರೂಪಿಸಿದ ಟೈರನ್ನು ಹಾಕಿಕೊಂಡು ಶಾರ್ಲ್ ತೆರೋಂ ಎಂಬ ಸವಾರನು ಪ್ಯಾರಿಸಿನಿಂದ ಬ್ರೆಸ್ಟ್‌ವರೆಗೆ ಹೋಗಿ ಹಿಂದಿರುಗುವ ಸುಮಾರು 1200 ಕಿಲೋಮೀಟರುಗಳ ಪಂದ್ಯವನ್ನು ಮೂರು ದಿನಗಳೊಳಗಾಗಿ ಗೆದ್ದನು. ಮರುವರ್ಷ ಪ್ಯಾರಿಸಿನಿಂದ ಕ್ಲೆರ್‌ಮಾಂವರೆಗೆ ತಾವೇ ಏರ್ಪಡಿಸಿದ ಪಂದ್ಯದಲ್ಲಿ, ರಿಪೇರಿ ಎಷ್ಟು ಸುಲಭವೆಂಬುದನ್ನು ಜನಕ್ಕೆ ತೋರಿಸಲೆಂದು, ಆ ಸೋದರರು ರಸ್ತೆಯ ಮೇಲೆ ಮೊಳೆಗಳನ್ನೇ ಚೆಲ್ಲಿಸಿದರು. ವ್ಯಾಪಾರದ ದೃಷ್ಟಿಯಿಂದ ಅದು ಚತುರೋಪಾಯವಾಗಿದ್ದರೂ, ಬೆವರು ಸುರಿಸಿ ತುಳಿಯುತ್ತಿದ್ದ ಸವಾರರ ದಾರಿಗೆ ಮೊಳೆ ಸುರಿಯುವುದನ್ನು ನಾನು ಒಪ್ಪಲಾರೆ.

ಅಂದಿನಿಂದ ಇಂದಿನವರೆಗೆ ಪಂಕ್ಚರು ಹಾಕುವ ಕ್ರಮ ಅಷ್ಟಾಗಿ ಬದಲಾಗಿಲ್ಲ. ಟೈರಿನ ಅಂಚನ್ನು ಚಪ್ಪಟೆ ಪಟ್ಟಿಗಳಿಂದ ಮೀಟಿ ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವ ಜಾಗವನ್ನು ಗುರುತಿಸಬೇಕು. ನೀರಿಲ್ಲದ ಬಯಲಿನಲ್ಲಾದರೆ ಟ್ಯೂಬನ್ನು ತುಟಿಯ ಬಳಿಗೆ ಹಿಡಿದು, ಸೂಜಿಯ ಮೊನೆಯಷ್ಟು ಸಣ್ಣದಾದ ಆ ಗಾಳಿಯ ಎಳೆಯನ್ನು ಚರ್ಮದಿಂದಲೇ ಕಂಡುಹಿಡಿಯಬೇಕು. ಆಮೇಲೆ ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ಸವರಿ, ಸುಮ್ಮನೆ ಕಾಯಬೇಕು. ಅನುಭವವಿಲ್ಲದವನು ತಪ್ಪುವುದು ಇಲ್ಲಿಯೇ. ಸೊಲ್ಯೂಷನ್ ಎಂಬುದು ಪೆಟ್ರೋಲಿನಂತಹ ದ್ರವದಲ್ಲಿ ಕರಗಿಸಿದ ರಬ್ಬರು. ಆ ದ್ರವವೆಲ್ಲ ಆರಿಹೋಗಿ, ಬೆರಳಿಗೆ ಒದ್ದೆ ತಾಗದ ಹದಕ್ಕೆ ಬಂದಮೇಲೆಯೇ ಪ್ಯಾಚು ಹಿಡಿಯುತ್ತದೆ. ಹಸಿಯಿರುವಾಗ ಒತ್ತಿದರೆ ಎರಡು ಮೈಲಿ ಹೋಗುವುದರೊಳಗೆ ಬಿಟ್ಟುಕೊಳ್ಳುತ್ತದೆ. ಕೊನೆಯದಾಗಿ, ಟೈರಿನ ಒಳಮೈಯನ್ನು ಬೆರಳಿನಿಂದ ಸುತ್ತಲೂ ತಡವಿ, ಒಳಗುಳಿದ ಮುಳ್ಳನ್ನು ತೆಗೆಯದಿದ್ದರೆ ಇಷ್ಟು ಶ್ರಮವೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ. ಪಂದ್ಯದ ಸವಾರರ ಟೈರಿನಲ್ಲಾದರೋ ಹೊರಕವಚವನ್ನೇ ಟ್ಯೂಬಿನ ಸುತ್ತ ಹೊಲಿದಿರುತ್ತಿದ್ದುದರಿಂದ, ಹೊಲಿಗೆ ಬಿಚ್ಚಿ, ತೂತು ಮುಚ್ಚಿ, ಮತ್ತೆ ಸೂಜಿ ದಾರಗಳಿಂದ ಹೊಲಿಯಬೇಕಾಗಿತ್ತು. ಆ ಕಾರಣದಿಂದಲೇ ಅವರು ಹೆಚ್ಚಿನ ಟೈರುಗಳನ್ನು ಹೆಗಲ ಮೇಲಿಂದ ಅಡ್ಡಲಾಗಿ ಸುತ್ತಿಕೊಂಡು ಹೊರಡುತ್ತಿದ್ದರು.

ದಾರಿಯ ದುರಸ್ತಿಯು ಅವಶ್ಯಕತೆಯ ಮಟ್ಟವನ್ನು ದಾಟಿ ಒಂದು ಶಾಸನವೇ ಆದುದು 1903ರಲ್ಲಿ ಆರಂಭವಾದ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ. ಅದರ ಸ್ಥಾಪಕನಾದ ಆಂರಿ ದೆಗ್ರಾಂಜನ ಮತದಲ್ಲಿ, ಸವಾರನು ಗೆಲ್ಲಬೇಕಾದುದು ಕೇವಲ ತನ್ನ ಕಾಲು, ಕೈ, ಬುದ್ಧಿಗಳಿಂದ; ಗಾಡಿ ಕೆಟ್ಟರೆ ಅನ್ಯರ ನೆರವಿಲ್ಲದೆ ತಾನೇ ಸರಿಪಡಿಸಿಕೊಳ್ಳತಕ್ಕದ್ದು. ಈ ನಿಯಮದ ಕಠೋರತೆಯನ್ನು ಸಂಪೂರ್ಣವಾಗಿ ಅನುಭವಿಸಿದವನು ಯೂಜೀನ್ ಕ್ರಿಸ್ತೋಫ್. 1913ರ ಜುಲೈ 9ರಂದು, ಬಯಾನ್‌ನಿಂದ ಲ್ಯೂಶೋನ್‌ವರೆಗಿನ 326 ಕಿಲೋಮೀಟರುಗಳ ಹಾದಿಯಲ್ಲಿ, ಪಿರಿನೀಸ್ ಪರ್ವತಗಳ ನಡುವೆ 2115 ಮೀಟರುಗಳಷ್ಟು ಎತ್ತರವಿರುವ ತೂರ್ಮಲೆ ಘಟ್ಟವನ್ನು ಏರಿ, ಒಟ್ಟು ಪಂದ್ಯದ ವಿಜಯವೇ ಕೈಗೆಟುಕುವಂತಿದ್ದ ಹೊತ್ತಿನಲ್ಲಿ, ಇಳಿಜಾರಿನಲ್ಲಿ ಆತನ ಗಾಡಿಯ ಮುಂದಿನ ಫೋರ್ಕು ಮುರಿಯಿತು. ಬೇರೊಂದು ಸೈಕಲ್ಲನ್ನು ಪಡೆಯುವಂತಿರಲಿಲ್ಲ. ಹಿಂದೆ ಬಿಟ್ಟುಬಂದಿದ್ದ ಸವಾರರು ಒಬ್ಬೊಬ್ಬರಾಗಿ ದಾಟಿ ಹೋಗುತ್ತಿರಲು, ಆತನು ಗಾಡಿಯನ್ನು ಹೆಗಲಿಗೇರಿಸಿ, ಸುಮಾರು ಹತ್ತು ಕಿಲೋಮೀಟರು ಬೆಟ್ಟದ ದಾರಿಯನ್ನು ನಡೆದು, ಸೇಂತ್-ಮರಿ-ದ-ಕಾಂಪಾನ್ ಎಂಬ ಹಳ್ಳಿಯ ಕುಲುಮೆಯನ್ನು ಮುಟ್ಟಿದನು.

ಸವಾರನಾಗುವ ಮುನ್ನ ಕ್ರಿಸ್ತೋಫ್ ಬೀಗದ ಕೆಲಸ ಕಲಿತವನಾದುದರಿಂದ ಕಬ್ಬಿಣದ ಹದವನ್ನು ಬಲ್ಲವನಾಗಿದ್ದನು. ಕುಲುಮೆಯ ಒಡೆಯನು ಬಾಯಿಮಾತಿನಲ್ಲಿ ದಾರಿ ತೋರಬಹುದಾಗಿತ್ತೇ ಹೊರತು ಕೈಯಿಕ್ಕುವಂತಿರಲಿಲ್ಲ. ಬಾಗಿಲಲ್ಲಿ ಅಧಿಕಾರಿಗಳು ಕಾವಲು ನಿಂತಿದ್ದರು. ಮೂರು ಗಂಟೆಗಳಷ್ಟು ಕಾಲ ಕಾಯಿಸಿ, ಬಡಿದು, ಕೂಡಿಸಿ, ಆತನು ಫೋರ್ಕನ್ನು ಮತ್ತೆ ಉಪಯೋಗಕ್ಕೆ ತಂದನು. ಆದರೆ ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸುತ್ತಿಗೆ ಹಿಡಿದವನು ಮೂರನೆಯ ಕೈಯನ್ನು ಎಲ್ಲಿಂದ ತರಬೇಕು? ತಿದಿಯೊತ್ತಲು ಅಲ್ಲಿದ್ದ ಒಬ್ಬ ಹುಡುಗನು ನೆರವಾದನು. ಆ ತಪ್ಪಿಗಾಗಿ ಅಧಿಕಾರಿಗಳು ಹತ್ತು ನಿಮಿಷಗಳ ದಂಡ ವಿಧಿಸಿ, ಆಮೇಲೆ ಮೂರಕ್ಕೆ ಇಳಿಸಿದರು. ಹೆಚ್ಚು ಕಡಮೆ ನಾಲ್ಕು ಗಂಟೆಗಳನ್ನು ಕಳೆದುಕೊಂಡಿದ್ದ ಕ್ರಿಸ್ತೋಫ್ ಪ್ಯಾರಿಸನ್ನು ಏಳನೆಯವನಾಗಿ ಸೇರಿದನು. ಫಿಲಿಪ್ ತಿಸ್ ಗೆದ್ದನು. ಕಳೆದ ನಾಲ್ಕು ಗಂಟೆಗಳ ಮುಂದೆ ಮೂರು ನಿಮಿಷ ಯಾವ ಲೆಕ್ಕದ್ದೂ ಅಲ್ಲ. ಆದರೂ ಆ ದಂಡವನ್ನು ನೆನೆದರೆ ನನ್ನ ಮನಸ್ಸು ಇಂದಿಗೂ ಕುದಿಯುತ್ತದೆ. ತಿದಿಯಿಲ್ಲದೆ ಕುಲುಮೆಯಿಲ್ಲ, ಒತ್ತುವವನಿಲ್ಲದೆ ತಿದಿಯಿಲ್ಲ. ಯಾವ ಕಮ್ಮಾರನೂ ತನ್ನ ಕಸುಬನ್ನು ಒಬ್ಬಂಟಿಯಾಗಿ ನಡೆಸಿದವನಲ್ಲ. ಸ್ವಾವಲಂಬನವೆಂಬ ಹೆಸರಿನಲ್ಲಿ ಒಂದು ಮಗುವಿನ ಸಹಾಯವನ್ನು ಅಪರಾಧವೆಂದೆಣಿಸಿದ ನಿಯಮವು, ದುರಸ್ತಿಯ ಸ್ವಭಾವವನ್ನೇ ಅರಿಯದವರ ನಿಯಮ.

ವಿಧಿಯು ಆತನನ್ನು ಮತ್ತೆಯೂ ಕಾಡಿತು. 1919ರಲ್ಲಿ, ಅದೇ ವರ್ಷ ಮೊದಲ ಬಾರಿಗೆ ಬಳಕೆಗೆ ಬಂದ ಹಳದಿ ಅಂಗಿಯನ್ನು ತೊಟ್ಟು ಎಲ್ಲರಿಗಿಂತ ಮುಂದಿದ್ದಾಗ, ವಲೆನ್ಸಿಯೆನ್ ಪಟ್ಟಣದ ಸಮೀಪದಲ್ಲಿ ಫೋರ್ಕು ಪುನಃ ಮುರಿದು, ಅದನ್ನು ಸರಿಪಡಿಸುವುದರೊಳಗೆ ಒಂದು ಗಂಟೆಗೂ ಮಿಕ್ಕಿದ ಕಾಲ ಕಳೆದು, ಆತನು ಮೂರನೆಯವನಾದನು. ಈ ಸಾರಿ ಫ್ರಾನ್ಸಿನ ಜನರು ಸುಮ್ಮನಿರಲಿಲ್ಲ. ಚಂದಾ ಎತ್ತಿ, 13,000 ಫ್ರಾಂಕುಗಳಿಗೂ ಮಿಗಿಲಾದ ಹಣವನ್ನು ಆತನಿಗೆ ಅರ್ಪಿಸಿದರು. ಸೇಂತ್-ಮರಿ-ದ-ಕಾಂಪಾನ್ ಹಳ್ಳಿಯ ಆ ಕುಲುಮೆಗೆ ಮುಂದೆ ಒಂದು ಸ್ಮಾರಕ ಫಲಕವನ್ನೂ ಹಾಕಿದರು.

ಪಂದ್ಯದ ಕಟ್ಟಳೆಯಿಲ್ಲದ ಪಯಣಿಗನ ಸ್ಥಿತಿಯು ಇದಕ್ಕಿಂತ ಭಿನ್ನ. 1923ರ ಅಕ್ಟೋಬರ್ 15ರಂದು ಬೊಂಬಾಯಿಯಿಂದ ಹೊರಟ ಆರು ಮಂದಿ ಪಾರಸಿ ತರುಣರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಎಂಬ ಮೂವರು, ಸುಮಾರು 44,000 ಮೈಲಿಗಳ ಭೂಪ್ರದಕ್ಷಿಣೆಯನ್ನು ಮುಗಿಸಿ, 1928ರ ಮಾರ್ಚಿನಲ್ಲಿ ಸ್ವಸ್ಥಾನವನ್ನು ಸೇರಿದರು. ಪರ್ಷಿಯಾದ ಕಲ್ಲುದಾರಿ, ಬಾಗ್ದಾದಿನಿಂದ ಅಲೆಪ್ಪೊ ಕಡೆಗಿನ ಮರಳುಗಾಡು, ಇವುಗಳನ್ನು ದಾಟುವವನಿಗೆ ದಿನಗಟ್ಟಲೆ ಸೈಕಲ್ ಷಾಪಾಗಲಿ ಕಮ್ಮಾರನಾಗಲಿ ಸಿಕ್ಕುವಂತಿಲ್ಲ; ಬಿಸಿಲ ಕಾವಿಗೆ ಹಳೆಯ ಪ್ಯಾಚುಗಳು ಬಿಟ್ಟುಕೊಳ್ಳುತ್ತವೆ; ಮರಳು ಚೈನಿಗೂ ಹಬ್ಬಿನ ಗುಂಡುಗಳಿಗೂ ಸೇರಿ ಉಕ್ಕನ್ನೇ ಅರೆಯುತ್ತದೆ. ಅಂತಹ ಕಡೆಗಳಲ್ಲಿ ಜೊತೆಗಾರನ ಎರಡು ಕೈಗಳೇ ಕಾರ್ಖಾನೆ.

ನಮ್ಮ ಸೀಮೆಯ ರಸ್ತೆಗಳಲ್ಲಿ ಅಷ್ಟು ನಿರ್ಜನತೆ ಎಂದೂ ಇರಲಿಲ್ಲ. ವಿದೇಶದಿಂದ ಬರುತ್ತಿದ್ದ ರ‍್ಯಾಲಿ, ಹರ್ಕ್ಯುಲಿಸ್ ಗಾಡಿಗಳು ಪೇಟೆಗಳಲ್ಲಿ ಹರಡಿದಂತೆ, ಹಳೆಯ ಟೈರೊಂದನ್ನು ಕೊಂಬೆಗೆ ನೇತುಹಾಕಿದ ಸೈಕಲ್ ಷಾಪುಗಳು ಹೆದ್ದಾರಿಯ ಸಾಲುಮರಗಳ ಬುಡದಲ್ಲಿ ಕಾಣಿಸಿಕೊಂಡುವು. ಗಂಟೆಗಿಷ್ಟೆಂದು ಬಾಡಿಗೆಗೆ ಗಾಡಿ ಕೊಡುವುದೂ ಪಂಕ್ಚರು ಹಾಕುವುದೂ ಒಂದೇ ಕೈಯ ಕಸುಬಾಯಿತು. ಬಯಲುಸೀಮೆಯ ಜಾಲಿಮುಳ್ಳು ಮತ್ತು ನೆಗ್ಗಿಲಮುಳ್ಳುಗಳು ಈ ಕಸುಬಿಗೆ ಗಿರಾಕಿಗಳನ್ನು ಒದಗಿಸುವುದರಲ್ಲಿ ಎಂದೂ ಕೊರತೆ ಮಾಡಲಿಲ್ಲ. ಟ್ಯೂಬನ್ನು ಮುಳುಗಿಸಲು ಮಣ್ಣುಬಣ್ಣಕ್ಕೆ ತಿರುಗಿದ ನೀರಿನ ಬೋಗುಣಿ, ಸ್ಪೋಕು ಬಿಗಿಯುವ ಪುಟ್ಟ ಕೀಲಿ, ವಾಲ್ವ್ ಟ್ಯೂಬಿನ ತುಂಡುಗಳನ್ನಿಟ್ಟ ತಗಡಿನ ಡಬ್ಬಿ, ಒರಗಿಸಿಟ್ಟ ಒಂದು ದೊಡ್ಡ ಪಂಪು, ಇಷ್ಟರಿಂದ ಒಂದು ಸಂಸಾರ ನಡೆಯುತ್ತದೆ. ದೂರದ ಊರಿನ ಸವಾರನು ಬಂದು, ತನ್ನ ಪಂಕ್ಚರನ್ನು ತಾನೇ ಹಾಕಿಕೊಳ್ಳುವುದಾಗಿ ಹೇಳಿ ಪಂಪನ್ನು ಮಾತ್ರ ಕೇಳಿದರೂ, ಷಾಪಿನವನು ಮುಖ ಗಂಟಿಕ್ಕದೆ ಬೋಗುಣಿಯನ್ನು ಅವನ ಮುಂದಕ್ಕೆ ಸರಿಸಿ, ಟ್ಯೂಬಿನ ಒಂದು ತುದಿಯನ್ನು ತಾನು ಹಿಡಿದು, ಮುಂದಿನ ಷಾಪು ಎಷ್ಟು ದೂರದಲ್ಲಿದೆ, ಯಾವ ಕೆರೆಯ ಏರಿಯ ಮೇಲೆ ಮುಳ್ಳು ಹೆಚ್ಚು ಎಂಬುದನ್ನೂ ತಿಳಿಸಿ ಕಳುಹಿಸುತ್ತಾನೆ.